ಬಣ್ಣ, ದನಿ, ಆಕಾರ, ಪರಿಮಳ: ಜಾಹೀರಾತಿನಲ್ಲಿ ಅಸಾಂಪ್ರದಾಯಿಕ ಟ್ರೇಡ್‌ಮಾರ್ಕ್ ಕಾಪಾಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಅಮೆರಿಕದಲ್ಲಿ ದುಂಡನೆಯ ಬೀಚ್ ಟವೆಲ್ ಮಾರುತ್ತಿದ್ದ ಕಂಪನಿಯೊಂದು 1987ರಲ್ಲಿ ಪತ್ರಿಕಾ ಪ್ರಕಟಣೆ ಹೊರಡಿಸಿತು. ಬಿಸಿಲು ಸರಿದಂತೆಲ್ಲ ಎದ್ದು ಟವೆಲ್ ತಿರುಗಿಸಿ ಹಾಸುವ ರಗಳೆ ಇಲ್ಲ, ಮಲಗಿದಲ್ಲೇ ಮೈ ತಿರುಗಿಸಿಕೊಂಡರೆ ಸಾಕು ಎಂಬುದು ಅದರ ಸಾರ. ಆ ದುಂಡು ಆಕಾರಕ್ಕೆ ಕಂಪನಿ ಟ್ರೇಡ್‌ಮಾರ್ಕ್ ನೋಂದಣಿಯನ್ನೂ ಪಡೆಯಿತು. ವರ್ಷಗಳ ನಂತರ ಬೇರೊಬ್ಬರು ದುಂಡು ಟವೆಲ್ ಮಾರತೊಡಗಿದಾಗ ವಿವಾದ ಕೋರ್ಟ್ ಮೆಟ್ಟಿಲೇರಿತು. 2010ರಲ್ಲಿ ಏಳನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಆ ಟ್ರೇಡ್‌ಮಾರ್ಕನ್ನು ರದ್ದು ಮಾಡುವಾಗ ಉಲ್ಲೇಖಿಸಿದ ಸಾಕ್ಷ್ಯಗಳಲ್ಲಿ ಆ ಹಳೆಯ ಪ್ರಕಟಣೆಯೂ ಇತ್ತು. ದುಂಡು ಆಕಾರದಿಂದ ಉಪಯೋಗವಿದೆ ಎಂದು ನೀವೇ ಹೇಳಿಕೊಂಡಿದ್ದೀರಿ, ಉಪಯೋಗದ ಆಕಾರ ಎಲ್ಲರ ಸ್ವತ್ತು ಎಂಬುದು ನ್ಯಾಯಾಲಯದ ನಿಲುವು.

ಹೆಸರು ಅಥವಾ ಲೋಗೋವಿನ ವಿಷಯದಲ್ಲಿ ಇಂಥ ಅಪಾಯ ಅಪರೂಪ. ಬಣ್ಣ, ಶಬ್ದ, ಆಕಾರ, ವಾಸನೆ, ಚಲನೆ, ವಸ್ತುವಿನ ಮೇಲೆ ಚಿಹ್ನೆ ಕೂರುವ ಜಾಗ, ಅಂಗಡಿಯ ಒಳವಿನ್ಯಾಸ ಇವುಗಳ (ಇವನ್ನೇ ಅಸಾಂಪ್ರದಾಯಿಕ ಟ್ರೇಡ್‌ಮಾರ್ಕ್ ಎನ್ನುತ್ತಾರೆ) ವಿಷಯದಲ್ಲಿ ಮಾತ್ರ ಜಾಹೀರಾತಿನ ಪ್ರತಿ ಸಾಲೂ ಮುಂದೊಂದು ದಿನ ನಿಮ್ಮ ಪರವಾಗಿಯೋ ವಿರುದ್ಧವಾಗಿಯೋ ಸಾಕ್ಷಿ ಹೇಳುತ್ತದೆ. ಹಾಗಾಗಿ ಈ ಹಕ್ಕುಗಳನ್ನು ಕಾಪಾಡುವ ಕೆಲಸ ವಕೀಲರ ಕೋಣೆಗಿಂತ ಮೊದಲು ಜಾಹೀರಾತಿನ ಸಾಲು ಬರೆಯುವ ಕಾಪಿರೈಟರ್ ಮೇಜಿನ ಮೇಲೆ ಶುರುವಾಗಬೇಕು. ಈ ಮಾರ್ಗದರ್ಶಿ ಬ್ರಾಂಡ್ ಮ್ಯಾನೇಜರ್‌ಗಳಿಗೆ, ಏಜೆನ್ಸಿಯವರಿಗೆ, ಸ್ವಂತ ಉದ್ಯಮ ನಡೆಸುವವರಿಗೆ. ಅರ್ಜಿ ಹಾಕುವ ದೇಶದ ಟ್ರೇಡ್‌ಮಾರ್ಕ್ ವಕೀಲರ ಸಲಹೆ ಹೇಗೂ ಬೇಕೇ ಬೇಕು. ಅವರ ಬಳಿ ಹೋಗುವಾಗ ಕೈಯಲ್ಲಿ ಏನಿರಬೇಕು, ಹೋಗುವ ಮುನ್ನ ಏನನ್ನು ಕೆಡಿಸಿಕೊಳ್ಳಬಾರದು ಎಂಬುದನ್ನು ಇಲ್ಲಿ ಹೇಳಿದ್ದೇನೆ.

ಹಂತ 1: ಏನನ್ನು ನಿಮ್ಮದೆನ್ನಬಹುದು ಎಂದು ಮೊದಲೇ ಜರಡಿ ಹಿಡಿಯಿರಿ

ಬ್ರಾಂಡಿಂಗ್ ಸಭೆಯಲ್ಲಿ ಎಲ್ಲರಿಗೂ ಹಿಡಿಸಿದ ಬಣ್ಣ ಅಥವಾ ದನಿಯನ್ನು ತಕ್ಷಣ ಒಪ್ಪಿಕೊಳ್ಳಬೇಡಿ. ಮೂರು ಪ್ರಶ್ನೆ ಕೇಳಿ.

ಮೊದಲನೆಯದು, ಇದರಿಂದ ವಸ್ತು ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತದೆಯೇ, ಅಥವಾ ಅಗ್ಗವಾಗಿ ತಯಾರಾಗುತ್ತದೆಯೇ? ಹೌದಾದರೆ ವಕೀಲರು ಅದನ್ನು ಫಂಕ್ಷನಲ್ ಎನ್ನುತ್ತಾರೆ, ಅಲ್ಲಿಗೆ ಕತೆ ಮುಗಿಯಿತು. ಎಷ್ಟು ಪ್ರಸಿದ್ಧಿ ಗಳಿಸಿದರೂ ಆ ದೋಷ ಹೋಗದು. ಲೆಗೋ ಇಟ್ಟಿಗೆಯ ಆಕಾರವನ್ನು ಗುರುತಿಸದವರು ಯಾರಿದ್ದಾರೆ? ಆದರೂ 2010ರಲ್ಲಿ ಯುರೋಪಿನ ಉನ್ನತ ನ್ಯಾಯಾಲಯ, ಇಟ್ಟಿಗೆಗಳು ಒಂದಕ್ಕೊಂದು ಕಚ್ಚಿಕೊಳ್ಳಲು ಬೇಕಾದ ತಾಂತ್ರಿಕ ರೂಪವಿದು ಎಂದು ನೋಂದಣಿಯನ್ನು ಒಪ್ಪಲಿಲ್ಲ. ಅದೇ ರೂಪಕ್ಕೆ ಹಿಂದೆ ಪೇಟೆಂಟ್ ಇದ್ದರಂತೂ ದಾರಿ ಇನ್ನೂ ಕಡಿದು. ಅವಧಿ ಮುಗಿದ ಪೇಟೆಂಟ್ ಫಂಕ್ಷನಲ್ ಎನ್ನುವುದಕ್ಕೆ ಬಲವಾದ ಸಾಕ್ಷ್ಯ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2001ರ ಟ್ರಾಫಿಕ್ಸ್ ಪ್ರಕರಣದಲ್ಲಿ ಹೇಳಿದೆ.

ಎರಡನೆಯದು, ಪೈಪೋಟಿಯವರಿಗೂ ಇದು ಬೇಕಾಗುತ್ತದೆಯೇ? ದೋಣಿಯ ಹೊರ ಎಂಜಿನ್‌ಗೆ ಕಪ್ಪು ಬಣ್ಣವನ್ನು ತನ್ನದೆಂದು ಕೇಳಿದ ಕಂಪನಿಗೆ 1994ರಲ್ಲಿ ಅಮೆರಿಕದ ನ್ಯಾಯಾಲಯ ಇಲ್ಲ ಎಂದಿತು. ಕಪ್ಪು ಬಣ್ಣ ಎಂಜಿನ್ ಬೇಗ ಓಡುವಂತೇನೂ ಮಾಡುವುದಿಲ್ಲ. ಆದರೆ ಎಲ್ಲ ಬಣ್ಣದ ದೋಣಿಗಳಿಗೂ ಹೊಂದುತ್ತದೆ, ಎಂಜಿನ್ ಚಿಕ್ಕದಾಗಿ ಕಾಣುತ್ತದೆ. ಅಷ್ಟು ಸಾಕಾಯಿತು.

ಮೂರನೆಯದು, ಈ ವರ್ಗದ ವಸ್ತುಗಳಲ್ಲಿ ಇದು ಈಗಾಗಲೇ ಮಾಮೂಲಿಯೇ? ಬೆಳಗಿನ ತಿಂಡಿಯ ಸೀರಿಯಲ್ ಆದ ಚೀರಿಯೋಸ್ ಪೆಟ್ಟಿಗೆಯ ಹಳದಿ ಬಣ್ಣವನ್ನು ನೋಂದಾಯಿಸಲು ಜನರಲ್ ಮಿಲ್ಸ್ ಮಾಡಿದ ಪ್ರಯತ್ನ 2017ರಲ್ಲಿ ಬಿದ್ದುಹೋಯಿತು. ಕಪಾಟಿನಲ್ಲಿ ಹಳದಿ ಪೆಟ್ಟಿಗೆಗಳು ಬೇರೆಯವರವೂ ಇದ್ದವು. ಶಬ್ದದಲ್ಲೂ ಹೀಗೆಯೇ. ಪಾನೀಯದ ಕ್ಯಾನ್ ತೆರೆಯುವ ಸದ್ದು, ಒಂದು ಸೆಕೆಂಡಿನ ಮೌನ, ನಂತರ ಸುಮಾರು ಒಂಬತ್ತು ಸೆಕೆಂಡು ಗುಳ್ಳೆಗಳ ಸದ್ದು: ಈ ಧ್ವನಿಮುದ್ರಿಕೆಯನ್ನು ಐರೋಪ್ಯ ಜನರಲ್ ಕೋರ್ಟ್ (ಐರೋಪ್ಯ ಒಕ್ಕೂಟದ ಉನ್ನತ ನ್ಯಾಯಾಲಯಕ್ಕಿಂತ ಒಂದು ಹಂತ ಕೆಳಗಿನದು) 2021ರಲ್ಲಿ ತಿರಸ್ಕರಿಸಿತು. ಕ್ಯಾನ್ ತೆರೆದಾಗ ಬರುವ ಸದ್ದನ್ನು ಕೇಳಿ ಯಾರೂ ಇಂಥದ್ದೇ ಕಂಪನಿ ಎನ್ನುವುದಿಲ್ಲ. ಅಲಾರಂ ಸಾಧನಕ್ಕೆ ಬೀಪ್ ಶಬ್ದ ಕೇಳಿದವರಿಗೆ ಅಮೆರಿಕದಲ್ಲಿ ಸಿಕ್ಕ ಉತ್ತರವೂ ಇದೇ ಧಾಟಿಯದು.

ಈ ಜರಡಿಯಲ್ಲಿ ಉಳಿಯುವುದು ವಸ್ತುವಿಗೆ ಸಂಬಂಧವೇ ಇಲ್ಲದ ಗುಣ. 1990ರಲ್ಲಿ ಅಮೆರಿಕದಲ್ಲಿ ಹೊಲಿಗೆ ದಾರಕ್ಕೆ ದೇವಕಣಗಿಲೆ ಹೂವಿನ ಪರಿಮಳ ಟ್ರೇಡ್‌ಮಾರ್ಕ್ ಆಯಿತು. ದಾರಕ್ಕೆ ಪರಿಮಳ ಬೇಕಿಲ್ಲ, ಹಾಗೆ ಮಾರುವವರು ಬೇರೆ ಯಾರೂ ಇರಲಿಲ್ಲ, ಮಾರುವವರು ಪರಿಮಳವನ್ನೇ ಜಾಹೀರಾತಿನಲ್ಲಿ ಮುಂದಿಟ್ಟಿದ್ದರು. ಅದೇ ಪರಿಮಳವನ್ನು ಅತ್ತರಿಗೆ ಕೇಳಿದ್ದರೆ ಆಗುತ್ತಿರಲಿಲ್ಲ. ರುಚಿಯ ವಿಷಯಕ್ಕೆ ಹೆಚ್ಚು ಸಮಯ ಕೊಡಬೇಡಿ. ಔಷಧಕ್ಕೆ ಕೃತಕ ಸ್ಟ್ರಾಬೆರಿ ರುಚಿ ಯುರೋಪಿನಲ್ಲಿ, ಕಿತ್ತಳೆ ರುಚಿ ಅಮೆರಿಕದಲ್ಲಿ, ಎರಡೂ ತಿರಸ್ಕೃತವಾದವು. ಕಹಿ ಮರೆಸುವ ರುಚಿ ಎಲ್ಲ ಔಷಧ ತಯಾರಕರಿಗೂ ಬೇಕು.

ಹಂತ 2: ಒಡೆತನ ಕಾಗದದ ಮೇಲಿದೆಯೇ ನೋಡಿ

ಐದು ಸ್ವರದ ಸಣ್ಣ ಜಿಂಗಲ್ ಆದರೂ ಅದಕ್ಕೆ ಸಂಯೋಜಕರು ಇರುತ್ತಾರೆ, ವಾದ್ಯ ನುಡಿಸಿದವರು ಇರುತ್ತಾರೆ, ಧ್ವನಿಮುದ್ರಿಸಿದ ಸ್ಟುಡಿಯೋ ಇರುತ್ತದೆ. ಹಣ ಕೊಟ್ಟ ಮಾತ್ರಕ್ಕೆ ಕೃತಿಸ್ವಾಮ್ಯ ನಿಮಗೆ ಬರುತ್ತದೆ ಎಂಬ ನಂಬಿಕೆ ಹಲವು ದೇಶಗಳಲ್ಲಿ ತಪ್ಪು, ಬರಹದಲ್ಲಿ ಹಸ್ತಾಂತರವಾಗಬೇಕು. ಏಜೆನ್ಸಿಯೊಡನೆ ಒಪ್ಪಂದ ಮಾಡಿಕೊಂಡರೆ ಸಾಲದು, ಏಜೆನ್ಸಿಗೆ ಸಂಯೋಜಕರು ಹಕ್ಕು ಕೊಟ್ಟ ಪತ್ರವೂ ನಿಮ್ಮ ಕಡತದಲ್ಲಿ ಇರಲಿ. ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸುವ ಅನುಮತಿ, ಎಲ್ಲ ಮಾಧ್ಯಮ, ಎಲ್ಲ ದೇಶ, ಅವಧಿಯ ಮಿತಿಯಿಲ್ಲ, ಮುಂದೆ ಹೊಸದಾಗಿ ವಾದ್ಯ ಸಂಯೋಜಿಸುವ ಹಕ್ಕು ಎಂಬ ಅಂಶಗಳನ್ನು ಹೆಸರಿಸಿ ಬರೆಸಿ.

ಸ್ಟಾಕ್ ಸಂಗೀತದ ತಾಣದಿಂದ ಕೊಂಡ ತುಣುಕನ್ನು ದನಿಲಾಂಛನ ಮಾಡಬೇಡಿ. ಅದೇ ತುಣುಕನ್ನು ನಾಳೆ ಯಾರು ಬೇಕಾದರೂ ಕೊಳ್ಳಬಹುದು. ಎಐ ಉಪಕರಣ ಹೆಣೆದ ರಾಗವಾದರೆ ಇನ್ನೊಂದು ತೊಡಕಿದೆ: ಮನುಷ್ಯರ ಸೃಜನಶೀಲ ಪಾಲಿಲ್ಲದ ಕೃತಿಗೆ ಅಮೆರಿಕದಂಥ ದೇಶಗಳಲ್ಲಿ ಕೃತಿಸ್ವಾಮ್ಯವೇ ಇಲ್ಲ. ಟ್ರೇಡ್‌ಮಾರ್ಕ್‌ಗೆ ಕರ್ತೃ ಯಾರೆಂಬುದು ಮುಖ್ಯವಲ್ಲವಾದರೂ, ನೋಂದಣಿ ಆಗುವವರೆಗಿನ ಅವಧಿಯಲ್ಲಿ ನಕಲು ತಡೆಯಲು ಕೈಯಲ್ಲಿರುವ ಮುಖ್ಯ ಅಸ್ತ್ರಗಳಲ್ಲಿ ಕೃತಿಸ್ವಾಮ್ಯ ಒಂದು.

ಹಂತ 3: ಆಕಾರವಾದರೆ ಮೊದಲು ವಿನ್ಯಾಸ ನೋಂದಣಿ

ಹೊಸ ಬಾಟಲಿ ಅಥವಾ ಡಬ್ಬಿಯ ಆಕಾರ ಮೊದಲ ದಿನವೇ ಟ್ರೇಡ್‌ಮಾರ್ಕ್ ಆಗುವುದು ಕಷ್ಟ. ಜನ ಆಕಾರವನ್ನು ಪ್ಯಾಕಿಂಗ್ ಎಂದೇ ಕಾಣುತ್ತಾರೆ. ವಸ್ತುವಿನ ನೋಟವನ್ನು ಕಾಪಾಡುವ ವಿನ್ಯಾಸ ನೋಂದಣಿಗೆ ಜನರಲ್ಲಿ ಹೆಸರು ಮಾಡಿರಬೇಕಾಗಿಲ್ಲ, ಹೊಸತಾಗಿರುವುದು ಮುಖ್ಯ. ಯುರೋಪಿನಲ್ಲಿ ಗರಿಷ್ಠ 25 ವರ್ಷ, ಭಾರತ ಮತ್ತು ಅಮೆರಿಕದಲ್ಲಿ 15 ವರ್ಷ ಅದು ಕಾವಲಿರುತ್ತದೆ. ಆ ಅವಧಿಯಲ್ಲಿ ಬೇರೆಯವರು ಆ ಆಕಾರ ಬಳಸಲಾಗದು, ಜನರ ಮನಸ್ಸಿನಲ್ಲಿ ಅದು ನಿಮ್ಮದೇ ಆಗಿ ಬೇರೂರುತ್ತದೆ. ಆಮೇಲೆ ಟ್ರೇಡ್‌ಮಾರ್ಕ್ ಕೇಳಿ.

ಇಲ್ಲಿ ಮಾರ್ಕೆಟಿಂಗ್ ತಂಡ ನೆನಪಿಡಬೇಕಾದ ಸಂಗತಿ ಟೀಸರ್. ಅರ್ಜಿಗೆ ಮುನ್ನ ಉತ್ಪನ್ನದ ಚಿತ್ರ ಸಾಮಾಜಿಕ ಜಾಲತಾಣದಲ್ಲಿ ಬಂದರೆ ಹೊಸತನ ಹೋಯಿತು. ಯುರೋಪ್, ಅಮೆರಿಕ ಹನ್ನೆರಡು ತಿಂಗಳ ರಿಯಾಯಿತಿ ಕೊಡುತ್ತವೆ. ಎಲ್ಲ ದೇಶಗಳೂ ಕೊಡುವುದಿಲ್ಲ.

ಹಂತ 4: ಅರ್ಜಿಯ ಒಂದೊಂದು ಪದವನ್ನೂ ತೂಗಿ

ನೋಂದಣಿಯಲ್ಲಿ ಬರೆದದ್ದೇ ನಿಮ್ಮ ಜಮೀನಿನ ಗಡಿ. ಐರೋಪ್ಯ ನ್ಯಾಯಾಲಯದ 2002ರ ಸೀಕ್‌ಮನ್ ತೀರ್ಪು ಹಲವು ಟ್ರೇಡ್‌ಮಾರ್ಕ್ ಕಚೇರಿಗಳ ಯೋಚನೆಯನ್ನು ತಿದ್ದಿತು: ಚಿಹ್ನೆಯ ನಿರೂಪಣೆ ಸ್ಪಷ್ಟ, ನಿಖರ, ಸ್ವಯಂಪೂರ್ಣ, ಸುಲಭವಾಗಿ ಸಿಗುವಂಥದ್ದು, ಅರ್ಥವಾಗುವಂಥದ್ದು, ಬಾಳಿಕೆಯದು, ವಸ್ತುನಿಷ್ಠ ಆಗಿರಬೇಕು. ಆ ಪ್ರಕರಣದಲ್ಲಿ ಅರ್ಜಿದಾರರು ವಾಸನೆಯೊಂದಕ್ಕೆ ರಾಸಾಯನಿಕ ಸೂತ್ರ, ಮಾತಿನ ವರ್ಣನೆ, ಮಾದರಿ ಮೂರನ್ನೂ ಮುಂದಿಟ್ಟಿದ್ದರು. ಮೂರೂ ಸೇರಿದರೂ ಸಾಲದು ಎಂದಿತು ನ್ಯಾಯಾಲಯ.

ಬಣ್ಣದಲ್ಲಿ ಎಡವುವುದು ದುರಾಸೆಯಿಂದ. ಕ್ಯಾಡ್ಬರಿ ತನ್ನ ನೇರಳೆಯನ್ನು ಪ್ಯಾಂಟೋನ್ (ಛಾಯೆಗೊಂದು ಸಂಖ್ಯೆ ಕೊಡುವ ಬಣ್ಣಪಟ್ಟಿ) 2685ಸಿ ಎಂದು ನಿಖರವಾಗಿಯೇ ಹೆಸರಿಸಿತ್ತು. ಆದರೆ ಪ್ಯಾಕೆಟ್ಟಿನ ಇಡೀ ಹೊರಮೈಗೆ ಹಚ್ಚಿದ, 'ಅಥವಾ ಪ್ರಧಾನ ಬಣ್ಣವಾಗಿರುವ' ಎಂದು ಸೇರಿಸಿತು. ಪ್ರಧಾನ ಎಂದರೆ ಎಷ್ಟು? ಉಳಿದ ಭಾಗದಲ್ಲಿ ಪಟ್ಟೆಯೋ ಚುಕ್ಕಿಯೋ? ಒಂದು ಅರ್ಜಿಯಲ್ಲಿ ಅಸಂಖ್ಯ ಚಿಹ್ನೆಗಳಿವೆ ಎಂದು 2013ರಲ್ಲಿ ಬ್ರಿಟನ್ನಿನ ಮೇಲ್ಮನವಿ ನ್ಯಾಯಾಲಯ ನೆಸ್ಲೆಯ ವಾದವನ್ನು ಎತ್ತಿಹಿಡಿಯಿತು. ರೆಡ್ ಬುಲ್‌ನ ನೀಲಿ ಮತ್ತು ಬೆಳ್ಳಿ ಬಣ್ಣಗಳಿಗೂ ಹೀಗೆಯೇ ಆಯಿತು. ಎರಡೂ ಬಣ್ಣ ಸುಮಾರು ಸಮಪ್ರಮಾಣದಲ್ಲಿ ಎಂದು ಬರೆದಿದ್ದರು, ಯಾವುದು ಎಲ್ಲಿ ಎಂದು ಹೇಳಿರಲಿಲ್ಲ. 2019ರಲ್ಲಿ ಐರೋಪ್ಯ ನ್ಯಾಯಾಲಯ ಅದನ್ನು ಅಸಿಂಧು ಎಂಬ ನಿರ್ಣಯವನ್ನು ಉಳಿಸಿತು. 'ಸುಮಾರು', 'ಮುಖ್ಯವಾಗಿ', 'ಇತ್ಯಾದಿ' ಪದಗಳು ಕರಡಿನಲ್ಲಿ ಕಂಡರೆ ಕೆಂಪು ಶಾಯಿ ಎಳೆಯಿರಿ. ಬಣ್ಣದ ಸಂಕೇತ, ವಸ್ತುವಿನ ಯಾವ ಭಾಗ, ಎರಡು ಬಣ್ಣವಿದ್ದರೆ ಅವುಗಳ ಜೋಡಣೆಯ ಕ್ರಮ, ಇವಿಷ್ಟೂ ಇರಲಿ.

ಶಬ್ದಕ್ಕೆ ಹಿಂದೆ ಸ್ವರಲಿಪಿ ಕಡ್ಡಾಯವೆಂಬಂತಿತ್ತು. 2017ರ ಅಕ್ಟೋಬರ್ 1ರಿಂದ ಐರೋಪ್ಯ ಒಕ್ಕೂಟ ಚಿತ್ರರೂಪದ ನಿರೂಪಣೆಯ ನಿಯಮವನ್ನೇ ಕೈಬಿಟ್ಟು ಎಂಪಿ3 ಕಡತವನ್ನೂ, ಚಲನೆಗೆ ಎಂಪಿ4 ಕಡತವನ್ನೂ ಒಪ್ಪುತ್ತಿದೆ. ಭಾರತದ 2017ರ ನಿಯಮಗಳ ಪ್ರಕಾರ 30 ಸೆಕೆಂಡು ಮೀರದ ಎಂಪಿ3 ತುಣುಕಿನ ಜೊತೆ ಸ್ವರಲಿಪಿಯನ್ನೂ ಕೊಡಬೇಕು. ಹಾಗಾಗಿ ಮುದ್ರಣದ ದಿನವೇ ಸ್ವರಲಿಪಿ ಬರೆಸಿಡಿ. ತುಣುಕು ಚಿಕ್ಕದಾಗಿರಲಿ, ಆದರೆ ತೀರಾ ಚಿಕ್ಕದಾದರೂ ಕಷ್ಟ. ಒಂದೇ ಸ್ವರ ಎರಡು ಸಲ ಬಾರಿಸುವ ಗಂಟೆಯ ಸದ್ದನ್ನು ಯುರೋಪ್ 2016ರಲ್ಲಿ ಒಪ್ಪಲಿಲ್ಲ. ಪ್ರಸಾರ ಸಂಸ್ಥೆ ಎನ್‌ಬಿಸಿಯ ಮೂರು ಸ್ವರಗಳು ಅಮೆರಿಕದಲ್ಲಿ 1950ರಲ್ಲೇ ನೋಂದಣಿಯಾಗಿದ್ದವು ಎಂಬುದನ್ನೂ ಇದರ ಪಕ್ಕದಲ್ಲಿಟ್ಟು ನೋಡಿ.

ಪರಿಮಳಕ್ಕೆ ಅಮೆರಿಕದಲ್ಲಿ ಮಾತಿನ ವರ್ಣನೆ ನಡೆಯುತ್ತದೆ. ಹ್ಯಾಸ್ಬ್ರೋ 2018ರಲ್ಲಿ ಮಕ್ಕಳು ಆಡುವ ಹಿಟ್ಟಿನಂಥ ಪ್ಲೇ-ಡೋ ವಾಸನೆಯನ್ನು ನೋಂದಾಯಿಸಿದಾಗ ಸಿಹಿ, ತುಸು ಕಸ್ತೂರಿ, ವೆನಿಲಾ, ಅದರ ಮೇಲೆ ಚೆರಿಯ ಎಳೆ, ಜೊತೆಗೆ ಉಪ್ಪು ಬೆರೆತ ಗೋಧಿ ಹಿಟ್ಟಿನ ವಾಸನೆ ಎಂದು ಬಿಡಿಸಿ ಹೇಳಿತು. ಭಾರತದಲ್ಲಿ ಚಿತ್ರರೂಪದ ನಿರೂಪಣೆ ಬೇಕೆಂದು ಕಾಯ್ದೆಯಲ್ಲೇ ಇದೆ. ಆದರೂ 2025ರ ನವೆಂಬರ್‌ನಲ್ಲಿ ಸುಮಿಟೊಮೊ ಕಂಪನಿಯ, ಟೈರಿಗೆ ಗುಲಾಬಿ ನೆನಪಿಸುವ ಹೂವಿನ ಪರಿಮಳದ ಅರ್ಜಿಯನ್ನು ರಿಜಿಸ್ಟ್ರಿ ಸ್ವೀಕರಿಸಿ ಪ್ರಕಟಣೆಗೆ ಅನುಮತಿಸಿತು. ಪರಿಮಳವನ್ನು ಏಳು ಆಯಾಮಗಳ ವೆಕ್ಟರ್ ಆಗಿ (ಏಳು ಮೂಲ ವಾಸನೆಗಳಲ್ಲಿ ಯಾವುದು ಎಷ್ಟಿದೆ ಎಂದು ತೋರಿಸುವ ನಕ್ಷೆಯಾಗಿ) ಚಿತ್ರಿಸಿದ್ದು ಅಲ್ಲಿ ನೆರವಾಯಿತು. ಇದೇ ಟೈರಿನ ಪರಿಮಳ ಬ್ರಿಟನ್ನಿನಲ್ಲಿ 1996ರಷ್ಟು ಹಿಂದೆಯೇ ನೋಂದಣಿಯಾಗಿತ್ತು.

ಇನ್ನು, ಯಾವ ಬಗೆಯ ಚಿಹ್ನೆ ಎಂದು ಅರ್ಜಿಯಲ್ಲಿ ಗುರುತು ಹಾಕುವ ಚೌಕವನ್ನು ಹಗುರವಾಗಿ ಕಾಣಬೇಡಿ. ಅದರಿಂದ ಏನಾಗುತ್ತದೆ ಎಂಬುದಕ್ಕೆ ಅಡಿಡಾಸ್ ಉದಾಹರಣೆ ಮುಂದೆ ಬರುತ್ತದೆ.

ಹಂತ 5: ಜಾಹೀರಾತಿನ ಬರಹ

ಈ ಹಂತದಲ್ಲಿ ಗೆದ್ದರೆ ಉಳಿದವು ತಮ್ಮಷ್ಟಕ್ಕೆ ಹಗುರವಾಗುತ್ತವೆ.

ಚಿಹ್ನೆಯ ಬಗ್ಗೆ ಜಾಹೀರಾತು ಮೂರು ಬಗೆಯ ಮಾತು ಆಡಬಹುದು: ಇದರಿಂದ ಉಪಯೋಗವಿದೆ, ಇದು ಚೆಂದವಿದೆ, ಇದು ನಮ್ಮ ಗುರುತು. ಮೊದಲನೆಯದು ವಿಷ. ಅಮೆರಿಕದಲ್ಲಿ ಆಕಾರ ಫಂಕ್ಷನಲ್ ಹೌದೋ ಅಲ್ಲವೋ ಎಂದು ನೋಡಲು 1982ರ ಮಾರ್ಟನ್-ನಾರ್ವಿಚ್ ತೀರ್ಪಿನ ನಾಲ್ಕು ಅಳತೆಗೋಲು ಬಳಸುತ್ತಾರೆ. ಪೇಟೆಂಟ್ ಇದೆಯೇ, ಪರ್ಯಾಯ ವಿನ್ಯಾಸಗಳಿವೆಯೇ, ತಯಾರಿ ಅಗ್ಗವೇ ಎಂಬ ಮೂರರ ಜೊತೆಗೆ ನಾಲ್ಕನೆಯದು, ಮಾಲೀಕರ ಜಾಹೀರಾತು ಅದರ ಉಪಯೋಗವನ್ನು ಹೊಗಳಿದೆಯೇ ಎಂಬುದು. ಅಂದರೆ ನಿಮ್ಮ ಹಳೆಯ ಕ್ಯಾಟಲಾಗ್ ಎದುರಾಳಿ ವಕೀಲರು ಮೊದಲು ತರಿಸಿಕೊಳ್ಳುವ ಕಾಗದ.

ಎರಡನೆಯದರಲ್ಲಿ, ಯುರೋಪಿನಲ್ಲಿ, ಒಂದು ಹಳ್ಳವಿದೆ. ವಸ್ತುವಿಗೆ ಗಣನೀಯ ಮೌಲ್ಯ ತರುವ ರೂಪ ಅಲ್ಲಿ ಟ್ರೇಡ್‌ಮಾರ್ಕ್ ಆಗದು. ಬ್ಯಾಂಗ್ ಅಂಡ್ ಓಲುಫ್ಸೆನ್ ಕಂಪನಿಯ ಎತ್ತರದ ತೆಳು ಸ್ಪೀಕರ್ ಪ್ರಕರಣದಲ್ಲಿ, 2011ರಲ್ಲಿ, ಆ ಆಕಾರವನ್ನು ಶುದ್ಧ, ಕಾಲಾತೀತ ಶಿಲ್ಪವೆಂದು ಬಣ್ಣಿಸಿದ ಮಾರಾಟಗಾರರ ಹಾಗೂ ಮರುಮಾರಾಟ ತಾಣಗಳ ಸಾಲುಗಳನ್ನು ಜನರಲ್ ಕೋರ್ಟ್ ಗಮನಕ್ಕೆ ತೆಗೆದುಕೊಂಡಿತು. ಆ ಆಕಾರವೇ ಮಾರಾಟದ ಮುಖ್ಯ ಆಕರ್ಷಣೆ ಎಂದಾಯಿತು, ಅರ್ಜಿ ಬಿತ್ತು. ಹೊಗಳಿಕೆ ಡೀಲರ್ ಬಾಯಲ್ಲಿ ಬಂದರೂ ಹೊಡೆತ ನಿಮಗೇ ಎಂಬುದನ್ನು ಗಮನಿಸಿ.

ಮೂರನೆಯ ಬಗೆಯ ಮಾತೇ ನಿಮಗೆ ಬೇಕಾದ್ದು. ವಕೀಲರು ಇದಕ್ಕೆ 'ಲುಕ್-ಫಾರ್' ಜಾಹೀರಾತು ಎನ್ನುತ್ತಾರೆ: ಇಂಥ ಗುರುತು ನೋಡಿ ಕೊಳ್ಳಿ ಎಂದು ಗ್ರಾಹಕರಿಗೆ ಕಲಿಸುವುದು. ಅಮೆರಿಕದ ಓವೆನ್ಸ್-ಕಾರ್ನಿಂಗ್ ಶಾಖ ತಡೆಯಲು ಗೋಡೆಯೊಳಗೆ ತುಂಬುವ ಗಾಜಿನ ನಾರಿಗೆ ಗುಲಾಬಿ ಬಣ್ಣ ಹಾಕಿತು. ಗೋಡೆಯೊಳಗಿನ ವಸ್ತುವಿಗೆ ಬಣ್ಣದಿಂದ ಏನೂ ಆಗಬೇಕಿಲ್ಲ. ಕಂಪನಿ ಪಿಂಕ್ ಪ್ಯಾಂಥರ್ ಕಾರ್ಟೂನನ್ನು ಕರೆತಂದು ಆ ಬಣ್ಣವನ್ನೇ ಜಾಹೀರಾತಿನ ನಾಯಕ ಮಾಡಿತು. 1985ರಲ್ಲಿ ನ್ಯಾಯಾಲಯ ಆ ಪ್ರಚಾರದ ಪ್ರಮಾಣವನ್ನು ಎಣಿಸಿ ನೋಂದಣಿಗೆ ಹಸಿರು ನಿಶಾನೆ ತೋರಿತು. ಬಣ್ಣವೊಂದೇ ಟ್ರೇಡ್‌ಮಾರ್ಕ್ ಆಗಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟ್ ಒಪ್ಪಿದ್ದು ಅದಾಗಿ ಹತ್ತು ವರ್ಷಕ್ಕೆ, 1995ರ ಕ್ವಾಲಿಟೆಕ್ಸ್ ತೀರ್ಪಿನಲ್ಲಿ.

ಬರಹದ ಮಟ್ಟದಲ್ಲಿ ಹೇಗೆ? ಬಾಗಿದ ಹಿಡಿಕೆಯ ಉಪಕರಣ ಎಂದುಕೊಳ್ಳಿ. 'ಈ ಬಾಗಿನಿಂದ ಕೈ ಜಾರದು' ಬೇಡ. 'ಇಷ್ಟು ಸುಂದರ ಬಾಗು ಬೇರೆಲ್ಲೂ ಇಲ್ಲ' ಕೂಡ ಬೇಡ. 'ಈ ಬಾಗು ಕಂಡರೆ ಅದು ನಮ್ಮದೇ' ಇರಲಿ. ಕೈ ಜಾರದ ಗುಣ ಹೇಳಲೇಬೇಕಿದ್ದರೆ ಅದು ರಬ್ಬರಿನ ಹೊದಿಕೆಯಿಂದ ಬಂದಿದ್ದರೆ ಅದಕ್ಕೇ ಸಲ್ಲಿಸಿ. ಹಾಗೆಂದು ನಿಜವಾಗಿಯೂ ಬಾಗಿನಿಂದಲೇ ಕೆಲಸ ಸುಲಭವಾಗುವಂತಿದ್ದರೆ ಜಾಹೀರಾತಿನ ಮೌನದಿಂದ ಅದನ್ನು ಮುಚ್ಚಲಾಗದು, ಮುಚ್ಚಬಾರದು. ಅಂಥದ್ದನ್ನು ಪೇಟೆಂಟಿಗೋ ವಿನ್ಯಾಸ ನೋಂದಣಿಗೋ ಬಿಟ್ಟು, ಗುರುತಿಗೆ ಬೇರೆ ಅಂಶ ಆರಿಸಿ. ಮಾರ್ಕೆಟಿಂಗ್‌ನವರು ಇದಕ್ಕೆ ಗೊಣಗುತ್ತಾರೆ, ಜನ ಕೊಳ್ಳುವುದು ಉಪಯೋಗ ನೋಡಿಯೇ ಎನ್ನುತ್ತಾರೆ. ಮಾತು ನಿಜ. ಆದರೆ ಒಂದೇ ಅಂಶವನ್ನು ಉಪಯೋಗವೆಂದೂ ಗುರುತೆಂದೂ ಮಾರಲಾಗದು. ಯಾವುದು ಬೇಕೆಂದು ಪ್ರಚಾರ ಶುರುವಾಗುವ ಮುನ್ನ ತೀರ್ಮಾನಿಸಿ, ಆ ತೀರ್ಮಾನವನ್ನು ಒಂದು ಪುಟದಲ್ಲಿ ಬರೆದು ಕಾಪಿರೈಟರ್, ಮಾರಾಟ ತಂಡ, ಡೀಲರ್‌, ಇನ್‌ಫ್ಲುಯೆನ್ಸರ್‌ ಎಲ್ಲರಿಗೂ ಕೊಡಿ. ಇ-ಕಾಮರ್ಸ್ ಪುಟದ ಗುಣಲಕ್ಷಣಗಳ ಪಟ್ಟಿ ಬರೆಯುವವರನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ಅಪಾಯದ ಸಾಲು ನುಸುಳುವುದು ಅಲ್ಲೇ.

ಮಾತಿನ ಬಗೆ ಆರಿಸುವುದು ಮೊದಲ ಪಾಠವಾದರೆ, ಎರಡನೆಯದು: ಹೆಸರಿಲ್ಲದೆ ತೋರಿಸಿ. ಹೆಸರಿನ ನೆರಳಿನಲ್ಲೇ ಬೆಳೆದ ಬಣ್ಣ ಅಥವಾ ಆಕಾರ ಸ್ವಂತ ಕಾಲಮೇಲೆ ನಿಲ್ಲುವುದಿಲ್ಲ. ಕಿಟ್‌ಕ್ಯಾಟ್‌ನ ನಾಲ್ಕು ಬೆರಳಿನ ಆಕಾರದ ಪ್ರಕರಣದಲ್ಲಿ ಐರೋಪ್ಯ ನ್ಯಾಯಾಲಯ 2015ರಲ್ಲಿ ಹೇಳಿದ್ದು ಇದನ್ನೇ: ಜೊತೆಯಲ್ಲಿ ಬೇರೆ ಗುರುತುಗಳು ಇದ್ದರೂ, ಆ ಆಕಾರವೊಂದರಿಂದಲೇ ಜನ ಮೂಲವನ್ನು ತಿಳಿಯುತ್ತಾರೆ ಎಂದು ತೋರಿಸಬೇಕು. ಪ್ರತಿ ಪ್ರಚಾರದಲ್ಲೂ ಒಂದಾದರೂ ಜಾಹೀರಾತು ಬರೀ ಆಕಾರದ ನೆರಳುಚಿತ್ರ, ಬರೀ ಬಣ್ಣ, ಬರೀ ದನಿಯದ್ದಾಗಿರಲಿ. ರೇಡಿಯೋ ಜಾಹೀರಾತಿನ ಕೊನೆಗೆ ದನಿಲಾಂಛನ ಕೇಳಿಸಿ ಹೆಸರು ಹೇಳದೆ ನಿಲ್ಲಿಸುವ ಧೈರ್ಯ ಬರಲು ಸಮಯ ಬೇಕು, ಆದರೆ ಅಂಥ ಒಂದು ಜಾಹೀರಾತು ಕಡತದಲ್ಲಿ ಹತ್ತರ ತೂಕದ್ದು.

ಮೂರನೆಯದು ಒಂದೇ ರೂಪ, ಸದಾ. ಅಡಿಡಾಸ್‌ನ ಮೂರು ಪಟ್ಟೆ ಜಗತ್ಪ್ರಸಿದ್ಧ. ಆದರೂ 2019ರಲ್ಲಿ ಜನರಲ್ ಕೋರ್ಟ್ ಅದರ ಒಂದು ನೋಂದಣಿಯನ್ನು ಅಸಿಂಧುಗೊಳಿಸಿದ ನಿರ್ಣಯಕ್ಕೆ ಮುದ್ರೆ ಒತ್ತಿತು. ನೋಂದಾಯಿಸಿದ್ದು ಬಿಳಿಯ ಮೇಲೆ ಕಪ್ಪು ಪಟ್ಟೆ. ಸಾಕ್ಷ್ಯವಾಗಿ ತಂದ ಚಿತ್ರಗಳಲ್ಲಿ ಹಲವು ಕಪ್ಪಿನ ಮೇಲೆ ಬಿಳಿ ಪಟ್ಟೆಯವು. ಬಣ್ಣ ತಿರುಗಿಸಿದ್ದು ಬೇರೆಯೇ ಚಿಹ್ನೆ ಎಂದಾಯಿತು. ಇದು ಮರುಕಳಿಸುವ ಮಾದರಿ ಎಂದು ಕಂಪನಿ ವಾದಿಸಿತು, ಆದರೆ ಅರ್ಜಿಯಲ್ಲಿ ಅದನ್ನು ಮಾಮೂಲಿ ಚಿತ್ರಚಿಹ್ನೆ ಎಂದು ದಾಖಲಿಸಿದ್ದರು. ವಿನ್ಯಾಸಕರಿಗೆ ಬೇಸರವಾಗುವಷ್ಟು ಕಟ್ಟುನಿಟ್ಟಾಗಿರಿ. ಮುದ್ರಣಕ್ಕೆ ಪ್ಯಾಂಟೋನ್ ಸಂಖ್ಯೆ, ಪರದೆಗೆ ಅದರ ಸಮಾನ ಸಂಕೇತ, ದನಿಗೆ ಶ್ರುತಿ ಮತ್ತು ಲಯ ಬ್ರಾಂಡ್ ಕೈಪಿಡಿಯಲ್ಲಿ ಇರಲಿ. ಹಬ್ಬದ ಆವೃತ್ತಿ, ಪಾಲುದಾರರ ಆವೃತ್ತಿ ಎಂದು ರೂಪ ಬದಲಿಸುವ ಆಸೆಗೆ ಕಡಿವಾಣ ಹಾಕಿ.

ಕೊನೆಯಲ್ಲಿ ಸಣ್ಣಕ್ಷರದ ಸಾಲು. 'ಈ ಬಣ್ಣ ಇಂಥ ಕಂಪನಿಯ ಟ್ರೇಡ್‌ಮಾರ್ಕ್' ಎಂಬ ಸೂಚನೆ ಪೋಸ್ಟರಿನ ಅಡಿಯಲ್ಲಿ, ಪ್ಯಾಕೆಟ್ಟಿನ ಹಿಂದೆ, ಜಾಲತಾಣದ ಕೆಳತುದಿಯಲ್ಲಿ ಇರಲಿ. ನೋಂದಣಿಗೆ ಮುನ್ನ ಟಿಎಂ ಗುರುತು ಹಾಕಬಹುದು. ವೃತ್ತದೊಳಗಿನ ಆರ್ ಅಕ್ಷರವನ್ನು ಮಾತ್ರ ನೋಂದಣಿ ಆದ ದೇಶದಲ್ಲೇ ಬಳಸಿ; ಆಗದೆ ಬಳಸುವುದು ಭಾರತವೂ ಸೇರಿ ಹಲವೆಡೆ ಅಪರಾಧ.

ಹಂತ 6: ಸಾಕ್ಷ್ಯದ ಕಡತ

ಅರ್ಜಿ ಹಾಕುವ ದಿನ ಹುಡುಕಲು ಹೊರಟರೆ ಐದು ವರ್ಷ ಹಿಂದಿನ ಹೋರ್ಡಿಂಗಿನ ಫೋಟೋ ಸಿಗುವುದಿಲ್ಲ. ಏಜೆನ್ಸಿ ಬದಲಾಗಿರುತ್ತದೆ, ಜಾಲತಾಣ ಮರುವಿನ್ಯಾಸವಾಗಿರುತ್ತದೆ. ಪ್ರತಿ ಪ್ರಚಾರ ಮುಗಿದ ವಾರವೇ ಜಾಹೀರಾತಿನ ಪ್ರತಿ, ದಿನಾಂಕ, ಮಾಧ್ಯಮ, ಊರು ಮತ್ತು ದೇಶ, ಖರ್ಚಿನ ಬಿಲ್ಲು, ತಲುಪಿದ ಜನರ ವರದಿ ಒಂದೇ ಕಡೆ ಸೇರಲಿ. ಐರೋಪ್ಯ ನ್ಯಾಯಾಲಯದ 1999ರ ವಿಂಡ್‌ಸರ್ಫಿಂಗ್ ಕೀಮ್‌ಸೇ ತೀರ್ಪು ಬಳಕೆಯಿಂದ ಬಂದ ವಿಶಿಷ್ಟತೆಗೆ (ಬಳಸುತ್ತ ಬಳಸುತ್ತ ಜನ ಅದನ್ನು ಒಂದೇ ಕಂಪನಿಯ ಗುರುತೆಂದು ತಿಳಿಯುವುದಕ್ಕೆ) ಏನೇನು ನೋಡಬೇಕೆಂದು ಪಟ್ಟಿ ಕೊಟ್ಟಿದೆ: ಮಾರುಕಟ್ಟೆಯ ಪಾಲು, ಬಳಕೆಯ ತೀವ್ರತೆ, ಭೌಗೋಳಿಕ ಹರವು, ಅವಧಿ, ಪ್ರಚಾರಕ್ಕೆ ಹಾಕಿದ ಹಣ, ಗುರುತಿಸುವ ಗ್ರಾಹಕರ ಪ್ರಮಾಣ, ವಾಣಿಜ್ಯ ಮಂಡಳಿಗಳ ಹೇಳಿಕೆ. ಕಡತದ ವಿಭಾಗಗಳನ್ನು ಈ ಪಟ್ಟಿಯಂತೆಯೇ ಮಾಡಿ. ಖರ್ಚಿನ ಮೊತ್ತ ಇಡೀ ಬ್ರಾಂಡಿನದ್ದಾದರೆ ಅದಕ್ಕೆ ಬೆಲೆ ಕಡಿಮೆ. ಈ ಬಣ್ಣವನ್ನು ಅಥವಾ ದನಿಯನ್ನು ಮುಂದಿಟ್ಟ ಜಾಹೀರಾತಿನ ಮೊತ್ತ ಬೇರೆಯಾಗಿ ಕಾಣಬೇಕು.

ಸಮೀಕ್ಷೆ ಮಾಡಿಸುವಾಗ ಹೆಸರು ಮುಚ್ಚಿ ಚಿಹ್ನೆ ಮಾತ್ರ ತೋರಿಸಿ, ನೋಂದಣಿಯಲ್ಲಿರುವ ರೂಪದಲ್ಲೇ. 'ಇದು ಅವರದೇ ಅಲ್ಲವೇ?' ಎಂಬ ಪ್ರಶ್ನೆ ಕಸದ ಬುಟ್ಟಿಗೆ. 'ಇದನ್ನು ನೋಡಿದರೆ ಏನು ನೆನಪಾಗುತ್ತದೆ?' ಎಂಬಂಥ ಮುಕ್ತ ಪ್ರಶ್ನೆ ಬೇಕು. ಜೊತೆಗೆ ಬೇರೆ ಬಣ್ಣ ತೋರಿಸಿದ ಹೋಲಿಕೆ ಗುಂಪು ಇರಲಿ, ಊಹೆಯ ಉತ್ತರಗಳನ್ನು ಕಳೆಯಲು. ಇಷ್ಟೇ ಶೇಕಡಾ ಬೇಕೆಂಬ ಕಟ್ಟಳೆ ಯುರೋಪಿನಲ್ಲಿ ಇಲ್ಲ. ಜರ್ಮನಿಯ ಉಳಿತಾಯ ಬ್ಯಾಂಕುಗಳ ಕೆಂಪು ಬಣ್ಣದ ಪ್ರಕರಣದಲ್ಲಿ, 2014ರಲ್ಲಿ, ಶೇ 70ರ ಗಡಿಯನ್ನು ಕಡ್ಡಾಯವಾಗಿಸುವುದು ಸರಿಯಲ್ಲ ಎಂದು ಐರೋಪ್ಯ ನ್ಯಾಯಾಲಯ ಹೇಳಿತು.

ಹರವಿನ ವಿಷಯ ಮರೆಯದಿರಿ. ಅಡಿಡಾಸ್ ತಂದ ಸಾಕ್ಷ್ಯದಲ್ಲಿ ಉಪಯೋಗಕ್ಕೆ ಬಂದದ್ದು ಐದು ಸದಸ್ಯ ದೇಶಗಳದ್ದು ಮಾತ್ರ. ಕಿಟ್‌ಕ್ಯಾಟ್ ಕೂಡ 2018ರಲ್ಲಿ ಎಡವಿದ್ದು ಇಡೀ ಒಕ್ಕೂಟವನ್ನು ಸಾಕ್ಷ್ಯ ಆವರಿಸಲಿಲ್ಲ ಎಂಬ ಕಾರಣಕ್ಕೆ. ಬಜೆಟ್ ಹಂಚುವಾಗ ಚಿಕ್ಕ ಮಾರುಕಟ್ಟೆಗಳನ್ನು ಪೂರಾ ಬಿಟ್ಟರೆ ಅದರ ಬೆಲೆಯನ್ನು ನ್ಯಾಯಾಲಯದಲ್ಲಿ ತೆರಬೇಕಾಗುತ್ತದೆ.

ಹಂತ 7: ದೇಶದಿಂದ ದೇಶಕ್ಕೆ

ಬೌದ್ಧಿಕ ಸ್ವತ್ತಿನ ಬಗೆಗಿನ ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದ ಕಣ್ಣಿಗೆ ಕಾಣುವ ಚಿಹ್ನೆಗಳನ್ನು ಮಾತ್ರ ನೋಂದಾಯಿಸುವ ಸ್ವಾತಂತ್ರ್ಯವನ್ನು ಸದಸ್ಯ ದೇಶಗಳಿಗೆ ಬಿಟ್ಟಿದೆ. ಹಾಗಾಗಿ ಎಲ್ಲೆಡೆ ಒಂದೇ ನಿಯಮ ಇಲ್ಲ. ಚೀನಾ ಶಬ್ದವನ್ನು 2014ರಿಂದ, ಜಪಾನ್ ಶಬ್ದ, ಚಲನೆ, ಬಿಡಿಬಣ್ಣಗಳನ್ನು 2015ರಿಂದ, ಕೆನಡಾ ವಾಸನೆ ಮತ್ತು ರುಚಿಯನ್ನು 2019ರಿಂದ ಒಪ್ಪುತ್ತಿವೆ. ಮೊದಲ ಅರ್ಜಿ ಹಾಕಿದ ಆರು ತಿಂಗಳೊಳಗೆ ಬೇರೆ ದೇಶಗಳಲ್ಲಿ ಹಾಕಿದರೆ ಮೊದಲ ದಿನಾಂಕವೇ ಅಲ್ಲೂ ಸಿಗುತ್ತದೆ. ಒಂದೇ ಅರ್ಜಿಯಿಂದ ಹಲವು ದೇಶಗಳಲ್ಲಿ ನೋಂದಣಿ ಕೇಳುವ ಮ್ಯಾಡ್ರಿಡ್ ಮಾರ್ಗದಲ್ಲಿ ಹೋಗುವವರು, ಗುರಿಯ ದೇಶಗಳಲ್ಲಿ ಅತಿ ಕಟ್ಟುನಿಟ್ಟಾದದ್ದು ಯಾವುದೋ ಅದಕ್ಕೆ ತಕ್ಕಂತೆ ಮೂಲ ಅರ್ಜಿಯನ್ನು ಬರೆಯಿರಿ. ಆಮೇಲೆ ಚಿಹ್ನೆಯ ರೂಪ ತಿದ್ದಲು ಬಿಡುವುದಿಲ್ಲ.

ಹಂತ 8: ಪ್ರಚಾರ ಬಿಡುವ ಮುನ್ನ ಎದುರಾಳಿಯ ಹಕ್ಕನ್ನೂ ನೋಡಿ

ಹೆಸರು ಹುಡುಕುವಂತೆ ಬಣ್ಣ, ದನಿ ಹುಡುಕುವುದು ಸುಲಭವಲ್ಲ. ಡೇಟಾಬೇಸ್‌ಗಳಲ್ಲಿ ಚಿಹ್ನೆಯ ಬಗೆ ಆರಿಸಿ ಶೋಧಿಸಬಹುದು, ಆದರೆ ನೋಂದಣಿಯಾಗದೆ ಬಳಕೆಯಿಂದ ಹಕ್ಕು ಪಡೆದವು ಅಲ್ಲಿ ಕಾಣವು. ಆ ಕ್ಷೇತ್ರದ ಹತ್ತು ದೊಡ್ಡ ಬ್ರಾಂಡ್‌ಗಳ ಜಾಹೀರಾತನ್ನು ಕಣ್ಣಾರೆ ನೋಡಿ, ಕಿವಿಯಾರೆ ಕೇಳುವುದಕ್ಕೆ ಬದಲಿ ಇಲ್ಲ.

ಹೋಲಿಕೆ ಜಾಹೀರಾತು ಬೇರೆ ಕತೆ. ಮೊಬೈಲ್ ಕಂಪನಿ ಓ2ಗೆ ಗುಳ್ಳೆಗಳ ಚಿತ್ರ ಗುರುತಾಗಿತ್ತು. ಪೈಪೋಟಿಯ ಹಚಿಸನ್ ಬೆಲೆ ಹೋಲಿಸುವ ಟಿವಿ ಜಾಹೀರಾತಿನಲ್ಲಿ ಚಲಿಸುವ ಗುಳ್ಳೆಗಳನ್ನು ತೋರಿಸಿತು. ಗ್ರಾಹಕರಿಗೆ ಗೊಂದಲವಾಗದಿದ್ದ ಕಾರಣ 2008ರಲ್ಲಿ ಓ2ಗೆ ಅದನ್ನು ತಡೆಯಲಾಗಲಿಲ್ಲ. ಮರುವರ್ಷ ಲೋರಿಯಲ್ ಪ್ರಕರಣದಲ್ಲಿ ಗಾಳಿ ತಿರುಗಿತು: ದುಬಾರಿ ಸುಗಂಧಗಳಿಗೆ ಹೋಲುವ ವಾಸನೆಯವೆಂದು ಪಟ್ಟಿ ಮಾಡಿ ಅಗ್ಗದ ಸುಗಂಧ ಮಾರಿದವರು, ಹೋಲುವ ಪ್ಯಾಕಿಂಗ್ ಸಮೇತ, ಬೇರೆಯವರ ಕೀರ್ತಿಯ ಅನುಚಿತ ಲಾಭ ಪಡೆದಂತೆ ಎಂದಾಯಿತು. ಬೆಲೆ ಹೋಲಿಸಿ, ಗುಣ ಹೋಲಿಸಿ. ನಕಲು ಎಂದು ನೀವೇ ಸಾರಬೇಡಿ.

ಹಂತ 9: ನಿಗಾ, ನೋಟಿಸು, ನವೀಕರಣ

ಒಂದೇ ತೆರನ ಬಣ್ಣದ ಪ್ಯಾಕೆಟ್ ನಾಲ್ಕಾರು ಕಂಪನಿಗಳದ್ದು ಕಪಾಟಿಗೆ ಬಂದು ನೀವು ಸುಮ್ಮನಿದ್ದರೆ, ಆ ಬಣ್ಣ ಗುರುತಾಗಿ ಉಳಿಯದು. ಆದರೆ ಕಂಡಕಂಡವರ ಮೇಲೆ ದಾವೆ ಹೂಡುವುದು ಇನ್ನೂ ಅಪಾಯ. ದುಬಾರಿ ಪಾದರಕ್ಷೆಗಳ ಕಂಪನಿ ಲೂಬೂಟ್ಯಾನ್ ತನ್ನ ಕೆಂಪು ಅಟ್ಟೆಯ ಹಕ್ಕನ್ನು ಹಿಡಿದು, ಅಟ್ಟೆಯೂ ಸೇರಿ ಇಡೀ ಕೆಂಪಾಗಿದ್ದ ಪಾದರಕ್ಷೆಗಾಗಿ ಫ್ಯಾಷನ್ ಕಂಪನಿ ಈವ್ ಸೇಂಟ್ ಲಾರೆಂಟ್ ವಿರುದ್ಧ ನ್ಯೂಯಾರ್ಕ್‌ನಲ್ಲಿ ದಾವೆ ಹೂಡಿತು. 2012ರ ತೀರ್ಪಿನಲ್ಲಿ ಹಕ್ಕು ಉಳಿಯಿತು, ಆದರೆ ಮೇಲ್ಭಾಗದ ಬಣ್ಣ ಅಟ್ಟೆಗಿಂತ ಬೇರೆಯಾಗಿದ್ದಾಗ ಮಾತ್ರ ಎಂದು ಕುಗ್ಗಿತು. ದಾವೆಗೆ ಮುನ್ನ, ಎದುರಿನವರು ಇದನ್ನು ಗುರುತಾಗಿ ಬಳಸಿದ್ದಾರೋ ಅಲಂಕಾರವಾಗಿಯೋ, ಅವರ ವಸ್ತು ನಿಮ್ಮ ನೋಂದಣಿಯ ಪದಗಳೊಳಗೆ ನಿಜವಾಗಿ ಬರುತ್ತದೆಯೋ ಎಂದು ನೋಡಿ. ಮೊದಲ ಪತ್ರ ಸಭ್ಯವಾಗಿರಲಿ. ಅದು ಸಾಮಾಜಿಕ ಜಾಲತಾಣದಲ್ಲಿ ಪ್ರಕಟವಾಗಬಹುದು ಎಂದುಕೊಂಡೇ ಬರೆಯಿರಿ.

ನೋಂದಣಿ ಬಹುತೇಕ ದೇಶಗಳಲ್ಲಿ ಹತ್ತು ವರ್ಷಕ್ಕೊಮ್ಮೆ ನವೀಕರಣ. ಅದಕ್ಕಿಂತ ಹತ್ತಿರದ ಅಪಾಯ ಬಳಸದಿರುವುದು: ಯುರೋಪಿನಲ್ಲಿ ಸತತ ಐದು ವರ್ಷ ಬಳಸದಿದ್ದರೆ ರದ್ದತಿಗೆ ಅರ್ಜಿ ಹಾಕಬಹುದು, ಅಮೆರಿಕದಲ್ಲಿ ಮೂರೇ ವರ್ಷಕ್ಕೆ ಕೈಬಿಟ್ಟಂತೆ ಎಂಬ ಅನುಮಾನ ಹುಟ್ಟುತ್ತದೆ. ಬ್ರಾಂಡ್ ಮರುವಿನ್ಯಾಸದ ಕಾಲದಲ್ಲಿ ಇದು ಗೊತ್ತಾಗದಂತೆ ನಡೆದುಹೋಗುತ್ತದೆ. ಬಣ್ಣದ ಛಾಯೆ ತುಸು ತಿಳಿಯಾಗುತ್ತದೆ, ಜಿಂಗಲ್ಲಿನ ಒಂದು ಸ್ವರ ಉದುರುತ್ತದೆ, ನೋಂದಣಿಯಲ್ಲಿ ಇರುವುದು ಮಾತ್ರ ಹಳೆಯದು. ಹೊಸ ರೂಪಕ್ಕೆ ಮೊದಲ ಜಾಹೀರಾತಿನ ಮುನ್ನವೇ ಹೊಸ ಅರ್ಜಿ ಹಾಕಿ, ಹೊಸದು ತಾನಾಗಿ ಜನರ ಮನಸ್ಸಿನಲ್ಲಿ ನಿಲ್ಲುವವರೆಗೆ ಹಳೆಯದನ್ನು ಯಾವುದಾದರೊಂದು ಉತ್ಪನ್ನ ಸಾಲಿನಲ್ಲಿ ನಿಜವಾದ ಮಾರಾಟದೊಂದಿಗೆ ಬಳಕೆಯಲ್ಲಿಡಿ, ಮತ್ತು ಆ ಮಾರಾಟದ ಬಿಲ್ಲುಗಳನ್ನೂ ಅದೇ ಕಡತಕ್ಕೆ ಸೇರಿಸಿ.